ನೋಡಿ ಬಂದವರ ಋಣ

ನಾಲ್ಕು ದಿನ ರಜೆ ಕೂಡಿಬಂತೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಂದ ಕಾರುಗಳು ಸಾಲುಗಟ್ಟಿ ಕರಾವಳಿಯ ಕಡೆಗೆ ಹೊರಡುತ್ತವೆ. ಜೋಗವನ್ನು ನೋಡಿ, ಘಟ್ಟವಿಳಿದು, ಹೊನ್ನಾವರದ ಕಾಂಡ್ಲಾ ಕಾಡಿನ ಹಲಗೆದಾರಿಯಲ್ಲಿ ನಡೆದು, ಶರಾವತಿಯಲ್ಲಿ ದೋಣಿವಿಹಾರ ಮಾಡಿ, ಕಾಸರಕೋಡಿನ ಮರಳಿನ ಮೇಲೆ ಸೂರ್ಯಾಸ್ತವನ್ನು ಕಂಡು ಜನ ಹಿಂದಿರುಗುತ್ತಾರೆ. ಇದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ವಾರವಿಡೀ ಗಾಜಿನ ಗೋಡೆಯೊಳಗೆ ಕುಳಿತವನಿಗೆ ಹಸಿರು ಬೇಡವೆನ್ನಲು ಯಾರಿಗೆ ಅಧಿಕಾರವಿದೆ? ಪೀಣ್ಯದ ಹತ್ತಿರ ಪಾಠ ಹೇಳಿಕೊಂಡಿರುವ ನನಗೂ ಆ ದಾಹ ಉಂಟು. ನನ್ನ ತಕರಾರು ಬೇರೆ. ಕಣ್ತುಂಬ ನೋಡಿ ಬಂದವರು, ನೋಡಿದ್ದಕ್ಕೆ ಆಪತ್ತು ಬಂದಾಗ ಬಾಯಿ ಬಿಡುವುದಿಲ್ಲವಲ್ಲ, ಅದು.

ಅವರು ದೋಣಿಯಲ್ಲಿ ತೇಲಿದ ನೀರಾದರೂ ಯಾವುದು? ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿದ ಮೇಲೆ ನಾಡಿಗೆಲ್ಲ ದೀಪ ಹಚ್ಚಿದ ನದಿಯ ನೀರು. ಊರು ಮುಳುಗಿಸಿಕೊಂಡವರು ಮಲೆನಾಡಿನವರು; ಬೆಳಕು ಕಂಡವರು ನಾವು. ಅಷ್ಟಕ್ಕೂ ತೃಪ್ತಿಯಾಗದೆ, ೨೦೧೯ರಲ್ಲಿ ಅದೇ ನೀರನ್ನು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ತರುವ ಮಾತು ಹೊರಟಿತು. ಜುಲೈ ೧೦ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಬೇಡವೆಂದಿತು. ಅದೇ ನದಿಯ ಚಿತ್ರವನ್ನು ಗೋಡೆಗೆ ತೂಗುಹಾಕಿಕೊಂಡಿದ್ದ ನಾವು ಏನೆಂದೆವು?

ಅದೇ ವರ್ಷ ಈ ಕಣಿವೆಯ ಸುಮಾರು ೯೩೦ ಚದರ ಕಿಲೋಮೀಟರ್ ಕಾಡನ್ನು ಸಿಂಗಳೀಕ ಅಭಯಾರಣ್ಯವೆಂದು ಸರಕಾರ ಸಾರಿತು. ಸಿಂಗಳೀಕದ ನೆಲೆ ಪಶ್ಚಿಮ ಘಟ್ಟ ಮಾತ್ರ. ಅದು ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಸಾಗುವ ಜೀವಕ್ಕೆ ಮರಗಳ ನೆತ್ತಿ ಬೇರೆಯಾದರೆ ಹಾದಿಯೇ ಕಡಿದಂತೆ. ಇಂಥ ಕಾಡಿನಲ್ಲೇ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು ೨,೦೦೦ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹೂಡಿದ್ದಾರೆ. ಬೇಡಿಕೆ ಇಳಿದ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತುವುದು, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ತು ಪಡೆಯುವುದು. ಎತ್ತಲು ವ್ಯಯವಾಗುವುದು ದೊರೆಯುವುದಕ್ಕಿಂತ ಹೆಚ್ಚೇ.

ಬಿಸಿಲು, ಗಾಳಿಗಳ ವಿದ್ಯುತ್ತನ್ನು ಕೂಡಿಡಲು ಇಂಥದೊಂದು ಬೇಕು ಎನ್ನುವವರುಂಟು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದಕ್ಕೆ ಅಭಯಾರಣ್ಯವೇ ಆಗಬೇಕೆ? ಅಭಯವೆಂದರೆ ಹೆದರಬೇಡವೆಂದು ಕೊಟ್ಟ ಮಾತು. ಅನುಕೂಲ ಕಂಡಾಗ ಹಿಂತೆಗೆದುಕೊಳ್ಳುವ ಮಾತಿಗೆ ನಿಘಂಟಿನಲ್ಲಿ ಬೇರೆ ಹೆಸರಿದೆ.

ಇನ್ನು, ನೀರಿಲ್ಲದೆ ಬೆಂಗಳೂರು ಬದುಕುವುದೆಂತು ಎಂಬ ಪ್ರಶ್ನೆ. ವೈಟ್‌ಫೀಲ್ಡಿನ ಮಗ್ಗುಲಲ್ಲೇ ಇರುವ ವರ್ತೂರು ಕೆರೆಯ ನೊರೆ ೨೦೧೫ರಲ್ಲಿ ರಸ್ತೆಗೆ ಹಾರಿ ಬಂದದ್ದು, ೨೦೧೮ರ ಜನವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದು ಓದುಗರಿಗೆ ಮರೆತಿರಲಾರದು. ಮನೆಯ ಕೆರೆಯನ್ನು ಕೊಳಚೆಗುಂಡಿ ಮಾಡಿಕೊಂಡವರು ಪರರ ನದಿಗೆ ಕೈಯೊಡ್ಡಿದರೆ ಅದು ಬಡತನವಲ್ಲ, ದರ್ಪ.

ರಜೆಗೆ ಧಾರಾಳವಾಗಿ ಹೋಗಿಬನ್ನಿ. ಬಂದ ಮೇಲೆ ನಿಮ್ಮ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧವಾಗಿ ಹೊರಡುತ್ತಿದೆಯೇ, ಚಾವಣಿಯ ಮಳೆನೀರು ಎಲ್ಲಿ ಸೇರುತ್ತಿದೆ ಎಂದು ವಿಚಾರಿಸಿ. ಶರಾವತಿಯ ಕಾಡಿನ ವಿಷಯವಾಗಿ ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ. ಮಲೆನಾಡಿನವರ ಕೂಗಿಗೆ ಕಿವಿಗೊಡದವರೂ ಬೆಂಗಳೂರಿನ ಮತದಾರನ ಕಾಗದವನ್ನು ಒಡೆದು ನೋಡುತ್ತಾರೆ. ದೋಣಿಯ ಬಾಡಿಗೆಯನ್ನು ಅಂದೇ ಕೊಟ್ಟಿರಿ; ನದಿಯ ಬಾಕಿ ಇನ್ನೂ ಹಾಗೆಯೇ ಉಳಿದಿದೆ.