ರಾಜ್ಯಶಾಸ್ತ್ರ ಓದಿದವರ ಮುಂದಿನ ದಾರಿ



ಪದವಿ ಕಾಲೇಜುಗಳಿಗೆ ಪ್ರವೇಶ ಪಡೆಯುವ ಕಾಲ ಬಂದಿತೆಂದರೆ, ನಮ್ಮನ್ನು ಕಾಣಲು ಬರುವ ಗೃಹಸ್ಥರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. “ಗುರುಗಳೇ, ಮಗ ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಅದನ್ನು ಓದಿದರೆ ಹೊಟ್ಟೆಗೆ ದಾರಿಯಾದೀತೇ?” ಕೇಳುವವರ ಧ್ವನಿಯಲ್ಲಿ ತಿರಸ್ಕಾರಕ್ಕಿಂತ ಅಳುಕೇ ಹೆಚ್ಚಾಗಿರುತ್ತದೆ. ಮಕ್ಕಳ ಮೂರು ವರ್ಷಗಳ ಆಯುಷ್ಯ ಮತ್ತು ಮನೆಯ ಗಳಿಕೆಯ ದೊಡ್ಡ ಪಾಲು ಈ ನಿರ್ಧಾರದ ಮೇಲೆ ನಿಂತಿರುವುದರಿಂದ, ಇದಕ್ಕೆ ಸಮಾಧಾನದ ಮಾತಿಗಿಂತ ಸತ್ಯದ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ತಿಂಗಳ ಲೇಖನವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ರಾಜ್ಯಶಾಸ್ತ್ರವೆಂದರೆ ರಾಜಕಾರಣ ಮಾಡುವುದನ್ನು ಕಲಿಸುವ ವಿದ್ಯೆಯಲ್ಲ. ಪಕ್ಷ, ಚುನಾವಣೆ, ಗದ್ದುಗೆಗಳ ಜಗಳ ಅದರಲ್ಲಿ ಒಂದು ಅಧ್ಯಾಯ ಮಾತ್ರ. ರಾಜ್ಯವೆಂಬುದು ಏಕೆ ಬೇಕು, ಅಧಿಕಾರಕ್ಕೆ ಎಲ್ಲೆ ಯಾವುದು, ಪ್ರಜೆಯ ಹಕ್ಕು ಮತ್ತು ಹೊಣೆ ಏನು, ನಮ್ಮ ಸಂವಿಧಾನ ಹೇಗೆ ನಡೆಯುತ್ತದೆ, ಅನ್ಯದೇಶಗಳ ಆಡಳಿತ ಪದ್ಧತಿ ಎಂತಹುದು, ದೇಶ ದೇಶಗಳ ನಡುವಿನ ಸಂಬಂಧ ಹೇಗೆ ಬೆಸೆಯುತ್ತದೆ, ಹೇಗೆ ಮುರಿಯುತ್ತದೆ ಎಂಬುದೆಲ್ಲ ಇದರ ವಿಷಯ. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದು ಲೋಕಕ್ಕೆ ನೀಡಿದವರು ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು. ಇಂದು ಕೇಂದ್ರ ಲೋಕಸೇವಾ ಆಯೋಗದ ರಾಜ್ಯಶಾಸ್ತ್ರ ಪಠ್ಯಕ್ರಮದಲ್ಲಿ ಆ ಗ್ರಂಥದ ಪರಂಪರೆಯೂ ಒಂದು ಭಾಗವಾಗಿದೆ.

ವಿದ್ಯೆಯ ಗೌರವ ಹೀಗಿದ್ದರೂ ಇನ್ನೊಂದು ಮಾತನ್ನು ಮುಚ್ಚಿಡಬಾರದು. ವೈದ್ಯ ಪದವಿ ಪಡೆದವನು ವೈದ್ಯ, ಎಂಜಿನಿಯರಿಂಗ್ ಓದಿದವನು ಎಂಜಿನಿಯರು. ರಾಜ್ಯಶಾಸ್ತ್ರದ ಬಿ.ಎ. ಪಡೆದವನಿಗೆ ಅಂತಹ ಸಿದ್ಧ ಹೆಸರಿಲ್ಲ, ಸಿದ್ಧ ಕುರ್ಚಿಯೂ ಇಲ್ಲ. ಈ ಪದವಿ ಹದಮಾಡಿದ ಹೊಲವಿದ್ದಂತೆ. ಹೊಲ ಹದವಾಗಿದ್ದರೆ ಬೆಳೆ ಚೆನ್ನಾಗಿ ಬರುವುದು ನಿಜ. ಆದರೆ ಬೀಜವನ್ನು ಬೇರೆಯಾಗಿಯೇ ಬಿತ್ತಬೇಕು, ಅದೂ ಮಳೆ ತಪ್ಪುವುದಕ್ಕೆ ಮೊದಲು ಬಿತ್ತಬೇಕು. ಈ ಪದವಿಯೊಡನೆ ಎರಡನೆಯ ವಿದ್ಯೆಯೊಂದನ್ನು ಜೋಡಿಸಿಕೊಂಡವರು ನೆಲೆ ನಿಂತಿದ್ದಾರೆ. ಜೋಡಿಸಿಕೊಳ್ಳದೆ ಕಾದು ಕುಳಿತವರು ನೊಂದಿದ್ದಾರೆ. ನಾವು ಹೇಳಬೇಕೆಂದಿರುವುದರ ಸಾರ ಇಷ್ಟೇ. ಇನ್ನು ಒಂದೊಂದೇ ದಾರಿಯನ್ನು ನೋಡೋಣ.

ಎಲ್ಲರ ಕಣ್ಣಿಗೂ ಮೊದಲು ಕಾಣುವುದು ಐ.ಎ.ಎಸ್. ಪರೀಕ್ಷೆ. ರಾಜ್ಯಶಾಸ್ತ್ರ ಓದಿದವರಿಗೆ ಇಲ್ಲಿ ಅನುಕೂಲವಿದೆ. ಮುಖ್ಯ ಪರೀಕ್ಷೆಯಲ್ಲಿ ತಲಾ 250 ಅಂಕಗಳ ಎರಡು ಪತ್ರಿಕೆಗಳಿಗೆ ‘ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು’ ಎಂಬ ಐಚ್ಛಿಕ ವಿಷಯವನ್ನು ಆಯ್ದುಕೊಳ್ಳಬಹುದು. ಇದಲ್ಲದೆ ಸಾಮಾನ್ಯ ಅಧ್ಯಯನದ ಎರಡನೆಯ ಪತ್ರಿಕೆ ಬಹುಮಟ್ಟಿಗೆ ಸಂವಿಧಾನ, ಆಡಳಿತ, ಸಾಮಾಜಿಕ ನ್ಯಾಯ ಮತ್ತು ವಿದೇಶ ಸಂಬಂಧಗಳದ್ದೇ. ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವಿದೆಯೆಂಬುದನ್ನು ನಮ್ಮ ಹಳ್ಳಿಯ ಮಕ್ಕಳು ಮರೆಯಬಾರದು.

ಆದರೆ ಲೆಕ್ಕವನ್ನೂ ನೋಡಬೇಕು. 2024ರ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599 ಮಂದಿ. ಪೂರ್ವಭಾವಿ ಪರೀಕ್ಷೆಗೆ ಹಾಜರಾದವರು 5,83,213 ಮಂದಿ. ಅವರಲ್ಲಿ 14,627 ಮಂದಿ ಮುಖ್ಯ ಪರೀಕ್ಷೆಗೆ ಅರ್ಹರಾದರು. ಸಂದರ್ಶನಕ್ಕೆ ಅರ್ಹತೆ ಪಡೆದವರು 2,845 ಮಂದಿ, ಕಡೆಗೆ ಆಯ್ಕೆಯಾದವರು 1,009 ಮಂದಿ. ಪರೀಕ್ಷೆ ಬರೆದವರಲ್ಲಿ ಸುಮಾರು 578 ಮಂದಿಗೆ ಒಬ್ಬರು ಎಂದಾಯಿತು. ಇನ್ನೊಂದು ಸಂಗತಿಯೂ ಗಮನಾರ್ಹ. ಆ ವರ್ಷ ದೇಶಕ್ಕೆ ಪ್ರಥಮರಾಗಿ ಬಂದ ಶಕ್ತಿ ದುಬೆ ಅವರ ಐಚ್ಛಿಕ ವಿಷಯ ರಾಜ್ಯಶಾಸ್ತ್ರವೇ. ಆದರೆ ಅವರು ಪದವಿಯಲ್ಲಿ ಓದಿದ್ದು ಜೀವರಸಾಯನಶಾಸ್ತ್ರ. ಅಂದರೆ ರಾಜ್ಯಶಾಸ್ತ್ರದ ಬಾಗಿಲಿನಿಂದ ಒಳಗೆ ಹೋಗಲು ವಿಜ್ಞಾನದ ಪದವೀಧರರೂ, ಎಂಜಿನಿಯರುಗಳೂ ಸಾಲಿನಲ್ಲಿ ನಿಂತಿರುತ್ತಾರೆ. ನಾವು ಮೂರು ವರ್ಷ ಓದಿದ್ದೇವೆಂಬ ಕಾರಣಕ್ಕೆ ಯಾರೂ ಜಾಗ ಬಿಡುವುದಿಲ್ಲ.

ಈ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ ಆರು ಅವಕಾಶಗಳು, ಹಿಂದುಳಿದ ವರ್ಗದವರಿಗೆ 35 ವರ್ಷದವರೆಗೆ ಒಂಬತ್ತು ಅವಕಾಶಗಳು ಇವೆ. ಅವಕಾಶವಿದೆಯೆಂದು ಎಲ್ಲವನ್ನೂ ಬಳಸಲೇಬೇಕೆಂಬ ನಿಯಮವಿಲ್ಲ. ಇಪ್ಪತ್ತೊಂದರಲ್ಲಿ ಹೊರಟ ಹುಡುಗ ಮೂವತ್ತೆರಡರಲ್ಲಿ ಬರಿಗೈಯಲ್ಲಿ ಮನೆಗೆ ಮರಳಿದರೆ, ಆ ಹನ್ನೊಂದು ವರ್ಷಗಳನ್ನು ತಂದುಕೊಡುವವರಾರು?

ಇದಕ್ಕಿಂತ ಹತ್ತಿರದಲ್ಲಿರುವುದು ರಾಜ್ಯ ಸರ್ಕಾರದ ಸೇವೆ. ಕೆ.ಎ.ಎಸ್. ಹುದ್ದೆಗಳ ಮಾತು ಎಲ್ಲರಿಗೂ ಗೊತ್ತು. ಆದರೆ ರಾಜ್ಯಶಾಸ್ತ್ರ ಓದಿದವರಿಗೆ ತಕ್ಕ ಕ್ಷೇತ್ರವೆಂದು ನಮಗೆ ತೋರುವುದು ಪಂಚಾಯತಿ. 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ ಬಂದಿತು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗಾಗಿ 29 ವಿಷಯಗಳನ್ನು ಪಟ್ಟಿಮಾಡಲಾಗಿದೆ. ತರಗತಿಯಲ್ಲಿ ಅಧಿಕಾರ ವಿಕೇಂದ್ರೀಕರಣವೆಂದು ಓದಿದ್ದು, ಕುಡಿಯುವ ನೀರು, ದಾರಿದೀಪ, ಉದ್ಯೋಗ ಖಾತರಿ, ಮನೆ ಹಂಚಿಕೆಯ ರೂಪದಲ್ಲಿ ಕಣ್ಣೆದುರಿಗೆ ನಿಲ್ಲುವುದು ಇಲ್ಲಿಯೇ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಹುದ್ದೆಗೆ ಯಾವುದೇ ಪದವಿ ಸಾಕು. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗ 247 ಇಂತಹ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371 (ಜೆ) ವಿಧಿಯಂತೆ ಸ್ಥಳೀಯ ಮೀಸಲಾತಿ ಇರುವುದರಿಂದ, ಆ ಭಾಗದ ತಂದೆತಾಯಿಗಳು ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗಾಗಿಯೇ ಒಂದು ವಿಶ್ವವಿದ್ಯಾಲಯವಿದೆ. ಈ ಕ್ಷೇತ್ರದಲ್ಲಿ ಮನಸ್ಸುಳ್ಳವರು ಅಲ್ಲಿಯ ಸ್ನಾತಕೋತ್ತರ ಶಿಕ್ಷಣವನ್ನು ವಿಚಾರಿಸಬಹುದು.

ಎರಡನೆಯ ದಾರಿ ಅಧ್ಯಾಪನ. ಬಿ.ಎ. ಆದ ಮೇಲೆ ಬಿ.ಎಡ್. ಮಾಡಿದರೆ ಪ್ರೌಢಶಾಲೆಯ ಸಮಾಜವಿಜ್ಞಾನ ಶಿಕ್ಷಕನಾಗುವ ದಾರಿ ತೆರೆಯುತ್ತದೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕನಾಗಲು ಎಂ.ಎ. ಜೊತೆಗೆ ಬಿ.ಎಡ್. ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕನಾಗಲು ಎಂ.ಎ.ಯಲ್ಲಿ ಶೇಕಡಾ 55 ಅಂಕಗಳ ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ನಮ್ಮ ರಾಜ್ಯದ ಕೆ-ಸೆಟ್ ತೇರ್ಗಡೆಯಾಗಿರಬೇಕು. ಮೀಸಲಾತಿ ವರ್ಗಗಳಿಗೆ ಅಂಕಗಳಲ್ಲಿ ವಿನಾಯಿತಿಯುಂಟು. ರಾಷ್ಟ್ರೀಯ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಸಂಶೋಧನೆಗೆ ಶಿಷ್ಯವೇತನ ದೊರೆಯುತ್ತದೆ. 2023ರ ಪರಿಷ್ಕರಣೆಯಂತೆ ಇದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಬಡ ಮನೆಯ ಬುದ್ಧಿವಂತ ಮಕ್ಕಳಿಗೆ ಇದು ಊರುಗೋಲಾಗಬಲ್ಲುದು.

ಆದರೆ ಎಂ.ಎ. ಮುಗಿಸಿ, ಅರ್ಹತಾ ಪರೀಕ್ಷೆಯ ಗೋಜಿಗೆ ಹೋಗದೆ ಅತಿಥಿ ಉಪನ್ಯಾಸಕರಾಗಿ ಸೇರಿ, ವರ್ಷ ವರ್ಷವೂ ಹೊಸ ಆದೇಶಕ್ಕಾಗಿ ಕಾಯುತ್ತ ನಲವತ್ತು ದಾಟಿದವರನ್ನು ನಾವು ಬಲ್ಲೆವು. ಅವರಲ್ಲಿ ಪಾಂಡಿತ್ಯಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅರ್ಹತಾ ಪತ್ರದ್ದು. ಎಂ.ಎ. ಎರಡನೆಯ ವರ್ಷದಲ್ಲಿರುವಾಗಲೇ ಆ ಪರೀಕ್ಷೆಗೆ ಕೂರಬಹುದು. ಪಾಠ ನೆನಪಿನಲ್ಲಿರುವಾಗ ಬರೆಯುವುದೇ ಮೇಲು.

ಮೂರನೆಯದು ಕಾನೂನು. ರಾಜ್ಯಶಾಸ್ತ್ರಕ್ಕೆ ಇದಕ್ಕಿಂತ ಹತ್ತಿರದ ಬಂಧುವಿಲ್ಲ. ಪದವಿಯ ನಂತರ ಮೂರು ವರ್ಷಗಳ ಎಲ್‌ಎಲ್.ಬಿ. ಮಾಡಬಹುದು. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ಅನೇಕ ಊರುಗಳಲ್ಲಿ ಕಾಲೇಜುಗಳಿವೆ. ಊರು ಬಿಟ್ಟು ದೂರ ಹೋಗಬೇಕಾಗಿಲ್ಲ. ಸಂವಿಧಾನವನ್ನು ಬಲ್ಲ ಹುಡುಗನಿಗೆ ಮೊದಲ ವರ್ಷದ ಪಾಠ ಅರ್ಧ ಪರಿಚಿತವೇ ಆಗಿರುತ್ತದೆ. ನ್ಯಾಯಾಧೀಶರಾಗುವ ಆಸೆಯುಳ್ಳವರು ಒಂದನ್ನು ತಿಳಿದಿರಬೇಕು. ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆದ್ದರಿಂದ ಪದವಿಯ ದಿನವೇ ಫಲ ಸಿಗುವುದೆಂದು ಎಣಿಸದೆ, ಹಿರಿಯ ವಕೀಲರ ಕೈಕೆಳಗೆ ಕೆಲವು ವರ್ಷ ಅಲ್ಪ ಸಂಪಾದನೆಯಲ್ಲಿ ಕಲಿಯುವ ಸಿದ್ಧತೆ ಮನೆಯಲ್ಲಿರಬೇಕು.

ಇವು ಹಳೆಯ ದಾರಿಗಳಾದವು. ನಮ್ಮ ಮನೆಗಳಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿಯದ ದಾರಿಗಳೂ ಕೆಲವಿವೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಧಾರವಾಡದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ ಮೊದಲಾದೆಡೆ ಸಮೀಕ್ಷೆ, ಸಂಶೋಧನೆಗಳು ನಡೆಯುತ್ತವೆ. ದೆಹಲಿಯ ಪಿ.ಆರ್.ಎಸ್. ಸಂಸ್ಥೆಯು ಯುವ ಪದವೀಧರರನ್ನು ಆಯ್ದು ಸಂಸತ್ ಸದಸ್ಯರ ಬಳಿ ಶಾಸನ ಸಂಬಂಧವಾದ ಸಂಶೋಧನೆಗೆ ನಿಯೋಜಿಸುತ್ತದೆ. ದೆಹಲಿಯದೇ ಆದ ಸಿ.ಎಸ್.ಡಿ.ಎಸ್. ಸಂಸ್ಥೆಯ ಲೋಕನೀತಿ ವಿಭಾಗದ ಚುನಾವಣಾ ಅಧ್ಯಯನಗಳಲ್ಲಿ ಮನೆಮನೆಗೆ ಹೋಗಿ ಮಾಹಿತಿ ಸಂಗ್ರಹಿಸುವವರು ಬಹುಪಾಲು ವಿದ್ಯಾರ್ಥಿಗಳೇ. ಪತ್ರಿಕೋದ್ಯಮದಲ್ಲಿಯೂ ಶಾಸನಸಭೆಯ ಕಲಾಪವನ್ನು, ಆಯವ್ಯಯವನ್ನು ಓದಿ ಅರ್ಥಮಾಡಿಕೊಂಡು ಬರೆಯಬಲ್ಲವರು ವಿರಳ. ಈ ಕ್ಷೇತ್ರಗಳು ಕೇಳುವುದು ಮೂರು ಗುಣಗಳನ್ನು: ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಸ್ಪಷ್ಟವಾಗಿ ಬರೆಯುವ ಶಕ್ತಿ, ಸಂಖ್ಯಾಶಾಸ್ತ್ರದ ಪ್ರಾಥಮಿಕ ಜ್ಞಾನ, ಗಣಕಯಂತ್ರದಲ್ಲಿ ಅಂಕಿಅಂಶಗಳನ್ನು ಜೋಡಿಸುವ ರೂಢಿ. ಬರಿಯ ಬಿ.ಎ. ತರಗತಿಯ ಟಿಪ್ಪಣಿಗಳಿಂದ ಇವು ಬರುವುದಿಲ್ಲ, ತಾವೇ ಕಲಿಯಬೇಕು.

ಇನ್ನು ತಂದೆತಾಯಿಗಳಿಗೆ ಒಂದು ಮಾತು. ನಮಗೆ ಪರಿಚಿತವಾದ ರೈತ ಕುಟುಂಬವೊಂದು ಮಗನ ತರಬೇತಿಗಾಗಿ ಎರಡು ಎಕರೆ ಜಮೀನನ್ನು ಒತ್ತೆಯಿಟ್ಟಿತು. ಹುಡುಗ ಧಾರವಾಡದಲ್ಲಿ ಎರಡು ವರ್ಷ, ದೆಹಲಿಯಲ್ಲಿ ಮೂರು ವರ್ಷ ಓದಿದ. ಎರಡು ಸಲ ಮುಖ್ಯ ಪರೀಕ್ಷೆಯವರೆಗೆ ಹೋದ. ಪ್ರತಿವರ್ಷವೂ “ಇನ್ನೊಂದು ಸಲ” ಎಂಬ ಮಾತು. ಹಬ್ಬಕ್ಕೂ ಊರಿಗೆ ಬರುವುದನ್ನು ಬಿಟ್ಟ. ಕೇಳುವವರಿಗೆ ಉತ್ತರ ಕೊಡಲಾರದ ಸಂಕೋಚ. ಕೊನೆಗೆ ತಾಯಿಯೇ ಅವನಿದ್ದಲ್ಲಿಗೆ ಹೋಗಿ, “ನೀನು ಸಾಹೇಬನಾಗದಿದ್ದರೂ ನನ್ನ ಮಗನೇ ಹೌದಲ್ಲಪ್ಪಾ, ಬಾ” ಎಂದು ಕರೆತಂದಳು. ಅವನು ಕಾನೂನು ಓದಿ ಇಂದು ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಿದ್ದಾನೆ. ಓದಿದ್ದೊಂದೂ ವ್ಯರ್ಥವಾಗಲಿಲ್ಲ. ಜಮೀನು ಮಾತ್ರ ಇನ್ನೂ ಪೂರ್ತಿ ಬಿಡುಗಡೆಯಾಗಿಲ್ಲ. ಐದು ವರ್ಷಗಳ ಮೊದಲೇ ಮನೆಯವರೆಲ್ಲ ಕುಳಿತು ಒಂದು ಗಡುವು ಹಾಕಿಕೊಂಡಿದ್ದರೆ ಆ ನೋವು ಇಷ್ಟು ಬೆಳೆಯುತ್ತಿರಲಿಲ್ಲ.

ಆದಕಾರಣ ನಮ್ಮ ಸೂಚನೆ ಇದು. ಪದವಿಯ ನಂತರ ಪೂರ್ಣಾವಧಿಯ ಸಿದ್ಧತೆಗೆ ಎರಡು ವರ್ಷ, ಹೆಚ್ಚೆಂದರೆ ಮೂರು ವರ್ಷ ಎಂದು ಮೊದಲೇ ನಿಶ್ಚಯಿಸಿ. ಖರ್ಚಿಗೂ ಒಂದು ಮಿತಿ ಹಾಕಿ, ಭೂಮಿಯನ್ನು ಮುಟ್ಟಬೇಡಿ. ಗಡುವು ಮುಗಿದ ಮೇಲೆ ಬಿ.ಎಡ್. ಅಥವಾ ಎಲ್‌ಎಲ್.ಬಿ. ಸೇರಲಿ, ಇಲ್ಲವೇ ಒಂದು ಕೆಲಸ ಹಿಡಿಯಲಿ. ಉಳಿದ ಅವಕಾಶಗಳನ್ನು ಕೆಲಸ ಮಾಡುತ್ತಲೇ ಬಳಸಿಕೊಳ್ಳಲಿ. ತೇರ್ಗಡೆಯಾಗದವನನ್ನು ನೆಂಟರಿಷ್ಟರ ಮುಂದೆ ಹಂಗಿಸಬೇಡಿ. ಹಾಗೆಯೇ, ಮಗನಿಗೆ ಐದು ವರ್ಷ ಕೊಡುವವರು ಮಗಳಿಗೆ “ಒಂದು ವರ್ಷ ನೋಡೋಣ, ಆಮೇಲೆ ಮದುವೆ” ಎನ್ನುವುದನ್ನು ನಾವು ಕೇಳಿದ್ದೇವೆ. ಈ ತಾರತಮ್ಯ ಸಲ್ಲದು. ಗಡುವು ಹಾಕುವುದಾದರೆ ಇಬ್ಬರಿಗೂ ಒಂದೇ ಇರಲಿ.

ವಿದ್ಯಾರ್ಥಿಗಳಿಗೆ ಹೇಳುವುದು ಸ್ವಲ್ಪವೇ ಇದೆ. ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷಗಳ ಪದವಿ ಬಂದಿದೆ. ಮೊದಲ ವರ್ಷ ದಿನಪತ್ರಿಕೆಯ ಸಂಪಾದಕೀಯವನ್ನು ದಿನವೂ ಓದಿ, ಅದರ ಸಾರವನ್ನು ಹತ್ತು ಸಾಲುಗಳಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿರಿ. ಎರಡನೆಯ ವರ್ಷ ಸಂವಿಧಾನದ ಮೂಲಪಾಠವನ್ನೇ ಓದಿರಿ, ಗೈಡುಗಳಿಗೆ ಜೋತುಬೀಳಬೇಡಿರಿ. ನಿಮ್ಮೂರಿನ ಗ್ರಾಮಸಭೆಗೆ ಹೋಗಿ ಒಂದು ಮೂಲೆಯಲ್ಲಿ ಕುಳಿತು ನೋಡಿರಿ. ಪುಸ್ತಕದಲ್ಲಿರುವುದಕ್ಕೂ ಅಲ್ಲಿ ನಡೆಯುವುದಕ್ಕೂ ಇರುವ ಅಂತರವೇ ನಿಮಗೆ ಒಳ್ಳೆಯ ಪಾಠವಾದೀತು. ಮೂರನೆಯ ವರ್ಷ ಮುಗಿಯುವುದರೊಳಗೆ ನಿಮ್ಮ ಎರಡನೆಯ ವಿದ್ಯೆ ಯಾವುದೆಂದು ನಿರ್ಧರಿಸಿರಿ.

ಪಂಚಾಯತಿಯ ಕಚೇರಿಯಲ್ಲಿ ಕುಳಿತು ಮುದುಕಿಯೊಬ್ಬಳ ವೃದ್ಧಾಪ್ಯ ವೇತನದ ಅರ್ಜಿಯನ್ನು ತಡಮಾಡದೆ ಮುಂದೆ ಕಳುಹಿಸುವವನು, ಶಾಲೆಯ ಮಕ್ಕಳಿಗೆ ಅವರ ಹಕ್ಕುಗಳನ್ನು ತಿಳಿಯಹೇಳುವವಳು, ಬಡವನ ಮೊಕದ್ದಮೆಯನ್ನು ಪ್ರಾಮಾಣಿಕವಾಗಿ ನಡೆಸುವ ವಕೀಲ, ಇವರೆಲ್ಲರೂ ರಾಜ್ಯಶಾಸ್ತ್ರವನ್ನು ಸಾರ್ಥಕಗೊಳಿಸಿದವರೇ. ಕಾಯಕದಲ್ಲಿ ಹಿರಿದು ಕಿರಿದೆಂಬುದಿಲ್ಲ. ಆದುದರಿಂದ ಮಗನೋ ಮಗಳೋ ಈ ವಿಷಯವನ್ನು ಆರಿಸಿಕೊಳ್ಳುತ್ತೇನೆಂದರೆ ಬೇಡವೆನ್ನಬೇಡಿ, “ಇದರ ಜೊತೆಗೆ ಇನ್ನೇನು ಕಲಿಯುತ್ತೀ? ಎಷ್ಟು ವರ್ಷ?” ಎಂಬ ಎರಡು ಪ್ರಶ್ನೆಗಳನ್ನು ಪ್ರೀತಿಯಿಂದ ಕೇಳಿ. ಉತ್ತರ ದೊರೆತರೆ ಸಂತೋಷದಿಂದ ಹರಸಿ ಕಳುಹಿಸಿಕೊಡಿ.