ಅವರಲ್ಲ, ಇವರು!

ಮನುಷ್ಯನನ್ನು ನಗಿಸುವ ಸಂಗತಿಗಳು ಲೋಕದಲ್ಲಿ ಹಲವಿವೆ. ಅವುಗಳಲ್ಲಿ ಕಾಸಿನ ಖರ್ಚಿಲ್ಲದೆ, ಯಾವ ಮನೆಯಲ್ಲಾದರೂ ಯಾವ ದಿನವಾದರೂ ದೊರೆಯುವಂಥದು ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ತಪ್ಪು. ಬಸ್ಸಿನಲ್ಲಿ ಮುಂದೆ ನಿಂತವನ ಬೆನ್ನು ಗೆಳೆಯನದೆಂದು ಭಾವಿಸಿ ಒಂದು ಗುದ್ದು ಕೊಡುವವರುಂಟು. ಮದುವೆ ಮನೆಯಲ್ಲಿ ಯಾರದೋ ಮಗನ ತಲೆ ಸವರಿ, "ಎಷ್ಟು ದೊಡ್ಡವನಾದೆ ಮಗಾ, ನಿನ್ನ ಅಜ್ಜನದೇ ಮೂಗು!" ಎಂದು ಹರಸುವ ಅಜ್ಜಿಯರುಂಟು. ಫೋನಿನಲ್ಲಿ ಕೇಳಿದ ದನಿ ತಮ್ಮನದೆಂದು ನಂಬಿ, ಮನೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ ಮೇಲೆ, "ನೀವು ಯಾರು?" ಎಂಬ ಪ್ರಶ್ನೆ ಕೇಳಿಸಿಕೊಳ್ಳುವವರೂ ಉಂಟು.

ಇದು ಬರಿಯ ಕಣ್ಣಿನ ಅಥವಾ ಕಿವಿಯ ದೋಷವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕಣ್ಣು ಒಂದು ಗುರುತನ್ನು ಮಾತ್ರ ಹಿಡಿಯುತ್ತದೆ: ಅಂಗಿಯ ಬಣ್ಣವನ್ನೋ ನಡಿಗೆಯನ್ನೋ ಹೆಸರಿನ ಮೊದಲಕ್ಷರವನ್ನೋ. ಉಳಿದುದನ್ನು ಮನಸ್ಸು ಅವಸರದಿಂದ ತಾನೇ ತುಂಬಿಕೊಳ್ಳುತ್ತದೆ. ತಪ್ಪು ಹುಟ್ಟುವುದು ಆ ಅವಸರದಲ್ಲಿ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕಾಗಿಯೇ.

ಈ ತಪ್ಪು ಮಹಾಮಹಿಮರನ್ನೂ ಬಿಟ್ಟಿಲ್ಲ. ಯಕ್ಷಗಾನದ ತವರಾದ ಕುಂಬಳೆ ಸೀಮೆಯ ಮಕ್ಕಳಿಗೆ ವಾಲಿ ಸುಗ್ರೀವರ ಕಾಳಗವನ್ನು ವಿವರಿಸಬೇಕಾಗಿಲ್ಲ. ಅಣ್ಣ ಯಾರು, ತಮ್ಮ ಯಾರು ಎಂದು ತಿಳಿಯದೆ ಶ್ರೀರಾಮನು ಬಾಣ ಬಿಡದೆ ನಿಂತನು. ಪೆಟ್ಟು ತಿಂದು ಓಡಿಬಂದ ಸುಗ್ರೀವನ ಕೊರಳಿಗೆ ಬಳ್ಳಿಯ ಮಾಲೆ ಹಾಕಿದ ಮೇಲೆಯೇ ಗುರುತು ಸಿಕ್ಕಿತು. ಲಂಕೆಯ ಅಂತಃಪುರದಲ್ಲಿ ಮಲಗಿದ್ದ ಮಂಡೋದರಿಯನ್ನು ಕಂಡು ಹನುಮಂತನು ಸೀತೆಯೇ ಸಿಕ್ಕಳೆಂದು ಕುಣಿದಾಡಿದನು. ಮರುಕ್ಷಣ ಯೋಚಿಸಿ, ರಾಮನಿಂದ ಅಗಲಿದ ಸೀತೆ ಹೀಗೆ ಸುಖನಿದ್ರೆ ಮಾಡುವಳೇ ಎಂದು ತನ್ನನ್ನು ತಾನೇ ತಿದ್ದಿಕೊಂಡನು. ಇನ್ನು ದಮಯಂತಿಯ ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮ ಈ ನಾಲ್ವರೂ ನಳನ ರೂಪದಿಂದ ಕುಳಿತಿದ್ದರು. ಆಕೆ ಅವಸರಪಡಲಿಲ್ಲ. ದೇವತೆಗಳ ಕಣ್ಣೆವೆ ಬಡಿಯುವುದಿಲ್ಲ, ಅವರ ಪಾದ ನೆಲಕ್ಕೆ ತಾಗುವುದಿಲ್ಲ, ಮಾಲೆ ಬಾಡುವುದಿಲ್ಲ. ಬೆವರಿದವನು, ನೆರಳಿದ್ದವನು, ನೆಲದ ಮೇಲೆ ನಿಂತವನು ಒಬ್ಬನೇ. ಅವನಿಗೇ ಮಾಲೆ ಹಾಕಿದಳು. ಈ ಮೂವರಲ್ಲಿ ಯಾರೂ ಮೊದಲ ನೋಟಕ್ಕೇ ಗಂಟು ಬೀಳಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಇನ್ನು ನಮ್ಮ ಕಾಸರಗೋಡಿನ ವಿಷಯಕ್ಕೆ ಬರೋಣ. ಇಲ್ಲಿಯಷ್ಟು ಇಂತಹ ತಪ್ಪಿಗೆ ಅವಕಾಶವಿರುವ ಜಿಲ್ಲೆ ಬೇರೊಂದು ಇರಲಾರದು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ಅನೇಕ ಕುಟುಂಬಗಳ ಪದ್ಧತಿ. ಒಬ್ಬ ಅಜ್ಜನಿಗೆ ನಾಲ್ವರು ಗಂಡು ಮಕ್ಕಳಿದ್ದರೆ ಮುಂದಿನ ತಲೆಮಾರಿನಲ್ಲಿ ನಾಲ್ವರು ನಾರಾಯಣರು ಒಂದೇ ಜಗಲಿಯಲ್ಲಿ ಕುಳಿತು ಊಟ ಮಾಡಬಹುದು! "ನಾರಾಯಣಾ" ಎಂದು ಕರೆದರೆ ಪಾಯಸಕ್ಕಾದರೆ ನಾಲ್ವರೂ ಬರುತ್ತಾರೆ. ತೋಟಕ್ಕೆ ನೀರು ಬಿಡುವುದಕ್ಕಾದರೆ ಒಬ್ಬನೂ ಬರುವುದಿಲ್ಲ. ಇದಕ್ಕಾಗಿಯೇ ಹಿರಿಯರು ಹೆಸರಿನ ಹಿಂದೆ ಮನೆಯ ಹೆಸರನ್ನೋ ಊರಿನ ಹೆಸರನ್ನೋ ಸೇರಿಸಿದರು. ಅದನ್ನು ನಾವು ಒಂದು ಅಕ್ಷರಕ್ಕೆ ಇಳಿಸಿಬಿಟ್ಟೆವು. 'ಕೆ' ಎಂದರೆ ಕುಂಬಳೆಯೂ ಆಗಬಹುದು, ಕಯ್ಯಾರವೂ ಆಗಬಹುದು, ಕಾಸರಗೋಡೂ ಆಗಬಹುದು. ರಾಷ್ಟ್ರಕವಿ ಎಂ. ಗೋವಿಂದ ಪೈಗಳ 'ಎಂ' ಮಂಜೇಶ್ವರವೆಂದು ನಾವು ಬಲ್ಲೆವು. ಅವರು 1883ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಆದರೆ ಮಂಗಳೂರಿಗೂ ಅದೇ ಅಕ್ಷರ!

ಮನುಷ್ಯರಂತೆ ಊರುಗಳಿಗೂ ಈ ಕಷ್ಟ ತಪ್ಪಿಲ್ಲ. ನಮ್ಮ ಜಿಲ್ಲೆಯಲ್ಲಿ ಹೊಸದುರ್ಗ ಎಂಬ ತಾಲೂಕಿದೆ. ಚಿತ್ರದುರ್ಗ ಜಿಲ್ಲೆಯಲ್ಲಿಯೂ ಅದೇ ಹೆಸರಿನ ತಾಲೂಕಿದೆ. ಅಲ್ಲಿಗೆ ಹೋಗಬೇಕಾದ ಕಾಗದ ಇಲ್ಲಿಗೆ, ಇಲ್ಲಿಗೆ ಬರಬೇಕಾದದ್ದು ಅಲ್ಲಿಗೆ ಹೋದರೆ ಅಂಚೆಯವರನ್ನು ದೂರಿ ಫಲವೇನು? ದೇಶದ ತುಂಬ ಇಂತಹ ಅವಳಿ ಹೆಸರಿನ ಊರುಗಳೂ, ಹಲವು ಭಾಷೆಗಳಲ್ಲಿ ಬರೆದ ವಿಳಾಸಗಳೂ ಇದ್ದುದರಿಂದಲೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ನಮ್ಮ ಹೊಸದುರ್ಗದ ಸಂಖ್ಯೆ 6ರಿಂದ ಮೊದಲಾಗುತ್ತದೆ, ಚಿತ್ರದುರ್ಗದ ಹೊಸದುರ್ಗದ್ದು 5ರಿಂದ. ಸುಗ್ರೀವನ ಕೊರಳಿಗೆ ಹಾಕಿದ ಮಾಲೆಯಂತೆ ಇದು ಊರಿನ ಕೊರಳಿಗೆ ಹಾಕಿದ ಆರು ಅಂಕೆಗಳ ಮಾಲೆ.

ಎಲ್ಲಕ್ಕಿಂತ ತಮಾಷೆಯಾದದ್ದು ನಮ್ಮ ಭಾಷೆಗಳ ಸಹವಾಸ. ಕನ್ನಡದಲ್ಲಿ ಅಪ್ಪ ಎಂದರೆ ತಂದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಕನ್ನಡದಲ್ಲಿ ಅಮ್ಮ ಎಂದರೆ ತಾಯಿ. ತುಳುವಿನಲ್ಲಿ ಅಮ್ಮೆ ಎಂದರೆ ತಂದೆ! ಬಯಲುಸೀಮೆಯಿಂದ ಹೊಸದಾಗಿ ಬಂದ ಒಬ್ಬರು ತುಳು ಮಾತಾಡುವ ಮನೆಯ ಅಂಗಳದಲ್ಲಿ ನಿಂತು, "ಅಪ್ಪ ಇದ್ದಾರಾ ಮಗೂ?" ಎಂದು ಕೇಳುತ್ತಾರೆಂದು ಇಟ್ಟುಕೊಳ್ಳಿ. "ಅಪ್ಪೆ ಉಲ್ಲೆರ್" ಎನ್ನುತ್ತದೆ ಮಗು. ಯಜಮಾನರು ಈಗ ಬಂದಾರೆಂದು ಬಂದವರು ಜಗಲಿಯಲ್ಲಿ ಕಾಯುತ್ತಾರೆ. ಒಳಗಿನಿಂದ ಬರುವವರು ಮನೆಯೊಡತಿ. ಮಲಯಾಳದ ಅಮ್ಮಾವನ್ ಅಮ್ಮನಲ್ಲ, ಸೋದರಮಾವ. ಹವ್ಯಕರ ಮನೆಯಲ್ಲಿ ಅಪ್ಪಚ್ಚಿ ಎಂದರೆ ಚಿಕ್ಕಪ್ಪ. ತಿರುವನಂತಪುರದ ಕಡೆ ಅಪ್ಪಚ್ಚಿ ಎಂದರೆ ತಂದೆಯ ಸೋದರಿ. ಇನ್ನು ಕನ್ನಡ ಬಲ್ಲ ಗುಮಾಸ್ತ ಮಲಯಾಳ ಮಾತ್ರ ಬಲ್ಲ ಜವಾನನಲ್ಲಿ "ಪಟ್ಟಿ ಎಲ್ಲಿ?" ಎಂದರೆ ಆತ ಅಂಗಳದತ್ತ ನೋಡಿದರೂ ಆಶ್ಚರ್ಯವಿಲ್ಲ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ!

ಇಂತಹ ತಪ್ಪುಗಳಿಂದ ಯಾರಿಗೂ ನಷ್ಟವಿಲ್ಲ. ಒಂದು ಪ್ರಶ್ನೆ, ಒಂದು ಉತ್ತರ, ಒಂದು ನಗು, ಅಲ್ಲಿಗೆ ಮುಗಿಯಿತು. ಎಷ್ಟೋ ಸ್ನೇಹಗಳು "ಕ್ಷಮಿಸಿ, ನಾನು ಬೇರೆಯವರೆಂದು ತಿಳಿದೆ" ಎಂಬ ಮಾತಿನಿಂದಲೇ ಆರಂಭವಾಗಿರಬಹುದು.

ಆದರೆ ಅದೇ ತಪ್ಪು ಕಾಗದದ ಮೇಲೆ ಕುಳಿತರೆ ನಗು ಮಾಯವಾಗುತ್ತದೆ. ಕನ್ನಡದ ನಾರಾಯಣ ಮಲಯಾಳದಲ್ಲಿ ನಾರಾಯಣನ್ ಆಗುತ್ತಾನೆ, ಶಂಕರ ಶಂಕರನ್ ಆಗುತ್ತಾನೆ. ಮಾತಿನಲ್ಲಿ ಅದು ಪ್ರೀತಿಯೇ ಸರಿ. ಆದರೆ ಶಾಲೆಯ ದಾಖಲೆಯಲ್ಲಿ ಒಬ್ಬ, ರೇಶನ್ ಕಾರ್ಡಿನಲ್ಲಿ ಇನ್ನೊಬ್ಬ, ಆಧಾರದಲ್ಲಿ ಮತ್ತೊಬ್ಬ ಆದರೆ ಒಬ್ಬನೇ ಹುಡುಗ ಮೂವರಾಗಿ, ಕೊನೆಗೆ ವಿದ್ಯಾರ್ಥಿವೇತನದ ಹೊತ್ತಿಗೆ ಯಾರೂ ಅಲ್ಲದವನಾಗುತ್ತಾನೆ. ತಾನು ತಾನೇ ಎಂದು ಸಾಬೀತುಪಡಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಆದುದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲು ಮಗುವಿನ ಹೆಸರನ್ನೂ ಇನಿಶಿಯಲನ್ನೂ ಅಕ್ಷರ ಅಕ್ಷರವಾಗಿ ಓದಿ ನೋಡಿರಿ. ಇಂದು ಐದು ನಿಮಿಷದ ಕೆಲಸ. ನಾಳೆ ಐದು ತಿಂಗಳಿನದಾದೀತು.

ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಹುಡುಗರು ಬೆಂಗಳೂರಿಗೆ ಹೋದರೆ, "ಮಲಯಾಳಿಗಳಾ? ಕನ್ನಡ ಚೆನ್ನಾಗಿ ಮಾತಾಡುತ್ತೀರಲ್ಲ!" ಎಂಬ ಹೊಗಳಿಕೆ ಕಾದಿರುತ್ತದೆ. ತಿರುವನಂತಪುರಕ್ಕೆ ಹೋದರೆ, "ಕರ್ನಾಟಕದವರಾ?" ಎಂಬ ಪ್ರಶ್ನೆ. ಎರಡೂ ಕಡೆ ಅಲ್ಲಿಯವರಲ್ಲ ಎನಿಸಿಕೊಳ್ಳುವ ಭಾಗ್ಯ ನಮ್ಮದು! ಇದಕ್ಕೆ ಸಿಟ್ಟಾಗಬೇಕಾಗಿಲ್ಲ. ನಗುತ್ತಾ, "ಕೇರಳದವ, ಕನ್ನಡದವ, ಎರಡೂ ಹೌದು" ಎಂದು ಹೇಳುವ ಧೈರ್ಯ ಮಾತ್ರ ಬೇಕು. ಗೋವಿಂದ ಪೈಗಳೂ ಕಯ್ಯಾರ ಕಿಞ್ಞಣ್ಣ ರೈಗಳೂ ಬದುಕಿ ಬರೆದ ನೆಲದವರಿಗೆ ಆ ಧೈರ್ಯ ಇರಬೇಕಾದುದೇ.

ಆದರೆ ಇದೇ ತಪ್ಪನ್ನು ನಾವು ಇತರರ ವಿಷಯದಲ್ಲಿ ಮಾಡುತ್ತಿಲ್ಲವೇ? ಉಡುಪು ನೋಡಿ ಮತವನ್ನು, ಹೆಸರು ಕೇಳಿ ಜಾತಿಯನ್ನು, ಮಾತು ಕೇಳಿ ಬುದ್ಧಿಯನ್ನು ಅಳೆಯುವುದೂ ಬಸ್ಸಿನಲ್ಲಿ ಬೆನ್ನು ನೋಡಿ ಗುದ್ದಿದಂತೆಯೇ. ಬೆನ್ನಿಗೆ ಬಿದ್ದ ಗುದ್ದಿನ ನೋವು ಆ ದಿನವೇ ಮಾಯುತ್ತದೆ. ಈ ಗುದ್ದಿನದು ಮಾಯುವುದಿಲ್ಲ. ತರಗತಿಗೆ ಹೊಸದಾಗಿ ಬಂದ ಹುಡುಗನ ಉಚ್ಚಾರ ಬೇರೆಯೆಂದು ನಗುವ ಮೊದಲು, ಅವನ ಮನೆಮಾತು ಯಾವುದೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ವಿದ್ಯಾರ್ಥಿ ಮಿತ್ರರೇ, ತಪ್ಪು ತಿಳಿಯುವುದು ಅಪರಾಧವಲ್ಲ, ರಾಮನಿಗೂ ಹನುಮಂತನಿಗೂ ಅದು ತಪ್ಪಲಿಲ್ಲ. ಕೇಳಿ ತಿಳಿಯದೆ ಇರುವುದು ಮಾತ್ರ ನಮ್ಮ ಸೋಮಾರಿತನ. "ನಿಮ್ಮ ಹೆಸರೇನು? ಯಾವ ಮನೆಯವರು?" ಎಂಬ ಎರಡು ಪ್ರಶ್ನೆಗಳು ನಮ್ಮ ಊರಿನಲ್ಲಿ ಹಿಂದಿನಿಂದಲೂ ಇವೆ. ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟು ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳಿವು. ಅವನ್ನು ಮರೆಯದಿರೋಣ. ಮೊದಲು ಕೇಳೋಣ, ಆಮೇಲೆ ಎಲ್ಲರೂ ಕೂಡಿ ನಗೋಣ.