ಜಾಕು ಬಿಗಿದುಕೊಂಡಾಗ

ಯಂತ್ರವೊಂದು ಸರಾಗವಾಗಿ ನಡೆಯುತ್ತಿರುವಷ್ಟು ಕಾಲ ಅದರ ಕಡೆಗೆ ಯಾರ ಗಮನವೂ ಹರಿಯುವುದಿಲ್ಲ. ಅದು ಬಿಗಿದುಕೊಂಡ ದಿನವೇ ನಮಗೆ ಅದರ ನೆನಪು. ಆಗ ಸಾಮಾನ್ಯವಾಗಿ ತೋರುವ ಉಪಾಯಗಳು ಎರಡು: ಇನ್ನಷ್ಟು ಬಲ ಹಾಕಿ ತಿರುಗಿಸುವುದು, ಅದಕ್ಕೂ ಬಗ್ಗದಿದ್ದರೆ ಎಸೆದು ಹೊಸದನ್ನು ತರುವುದು. ಎರಡರಲ್ಲಿಯೂ ಬುದ್ಧಿಗೆ ಕೆಲಸವಿಲ್ಲ. ಬಿಗಿತಕ್ಕೆ ಕಾರಣವುಂಟು; ಆ ಕಾರಣವನ್ನು ಹುಡುಕಲು ಬೇಕಾದ ಭೌತವಿಜ್ಞಾನವೆಲ್ಲ ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿಯೇ ಉಂಟು. ಇಷ್ಟಿದ್ದೂ ಆ ಜ್ಞಾನವನ್ನು ನಾವು ಪರೀಕ್ಷೆಯ ಕೊಠಡಿಯಲ್ಲಿಯೇ ಬಿಟ್ಟುಬರುತ್ತೇವೆ ಎಂಬುದು ನನ್ನ ಆಕ್ಷೇಪ. ಇದನ್ನು ಸ್ಪಷ್ಟಪಡಿಸಲು ಒಂದು ಸಣ್ಣ ಸಾಧನವನ್ನು ಆರಿಸಿಕೊಂಡಿದ್ದೇನೆ: ದೋಣಿ ಸಾಗಿಸುವ ಟ್ರೈಲರಿನ ಜಾಕು.

ಈ ಸಾಧನವು ನಮ್ಮ ವಾಚಕರಲ್ಲಿ ಅನೇಕರಿಗೆ ಅಪರಿಚಿತವಾಗಿರಬಹುದು. ಅಮೆರಿಕದ ಮಿಷಿಗನ್, ಮಿನ್ನೆಸೋಟ ಮೊದಲಾದ ಸರೋವರಗಳ ನಾಡುಗಳಲ್ಲಿ ಸಣ್ಣ ದೋಣಿಯುಳ್ಳವರು ಬಹುಮಂದಿ ಅದನ್ನು ಮನೆಯ ಅಂಗಳದಲ್ಲಿಯೇ ಇಟ್ಟುಕೊಳ್ಳುತ್ತಾರೆ. ಬೇಕಾದಾಗ ಟ್ರೈಲರೆಂಬ ಗಾಡಿಯ ಮೇಲೆ ಅದನ್ನಿಟ್ಟು, ಕಾರಿನ ಹಿಂದೆ ಕಟ್ಟಿ, ನೀರಿನವರೆಗೆ ಎಳೆದೊಯ್ಯುತ್ತಾರೆ. ಕಾರಿನಿಂದ ಬಿಚ್ಚಿದ ಮೇಲೆ ಗಾಡಿಯ ಮುಂದಿನ ತುದಿ ನೆಲಕ್ಕೆ ಬೀಳದಂತೆ ಹಿಡಿಯುವವರು ಯಾರು? ನಮ್ಮಲ್ಲಿ ಎತ್ತುಗಳನ್ನು ಬಿಚ್ಚಿದ ಗಾಡಿಯ ಮೂಕಿಗೆ ಕೋಲಿನ ಆಸರೆ ಕೊಡುವಂತೆ, ಅಲ್ಲಿ ಜಾಕು ಆಸರೆ ಕೊಡುತ್ತದೆ. ಕೋಲಿಗಿಂತ ಅದರ ಹೆಚ್ಚುಗಾರಿಕೆಯೆಂದರೆ, ಹಿಡಿಕೆಯನ್ನು ತಿರುಗಿಸಿ ಆ ತುದಿಯನ್ನು ಬೇಕಾದ ಎತ್ತರಕ್ಕೆ ಏರಿಸಬಹುದು, ಇಳಿಸಬಹುದು.

ಇದರ ರಚನೆ ಸರಳ. ಒಂದರೊಳಗೊಂದು ಸರಿಯುವ ಎರಡು ಉಕ್ಕಿನ ಕೊಳವೆಗಳುಂಟು. ಹೊರಗಿನದು ಟ್ರೈಲರಿಗೆ ಸೇರಿರುತ್ತದೆ. ಒಳಗಿನದರ ಕೆಳತುದಿಯಲ್ಲಿ ಒಂದು ಪಾದ ಅಥವಾ ಪುಟ್ಟ ಚಕ್ರವಿರುತ್ತದೆ. ಕೊಳವೆಗಳ ನಡುವೆ ಉದ್ದನೆಯ ತಿರುಪು ನಿಂತಿರುತ್ತದೆ. ಒಳಕೊಳವೆಗೆ ಭದ್ರವಾಗಿ ಕೂಡಿಸಿದ ನಟ್ಟು ಈ ತಿರುಪಿನ ಮೇಲೆ ಏರಿಳಿಯುತ್ತದೆ. ತಿರುಪಿನ ಮೇಲ್ತುದಿಯು ಹೊರಕೊಳವೆಯ ತಲೆಯನ್ನು ಒತ್ತುವ ಜಾಗದಲ್ಲಿ, ಒಳ್ಳೆಯ ಮಾದರಿಗಳಲ್ಲಿ, ಗುಂಡುಗಳ ಬೇರಿಂಗೊಂದು ಇರುತ್ತದೆ. ಹಿಡಿಕೆ ನೆತ್ತಿಯ ಮೇಲಿರಬಹುದು. ಪಕ್ಕದಲ್ಲಿದ್ದು ಗೇರುಗಳ ಮೂಲಕ ತಿರುಪನ್ನು ತಿರುಗಿಸಬಹುದು. ಕಾರಿನ ಚಕ್ರ ಬದಲಾಯಿಸುವಾಗ ಬಳಸುವ ತಿರುಪು ಜಾಕಿನಲ್ಲಿಯೂ, ಕಾಲೇಜಿನ ಪ್ರಯೋಗಶಾಲೆಯ ತಿರುಪು ಜಾಕಿನಲ್ಲಿಯೂ ಅಡಗಿರುವುದು ಇದೇ ತತ್ತ್ವ. ತಿರುಪೆಂದರೆ ಕಂಬಕ್ಕೆ ಸುತ್ತಿದ ಇಳಿಜಾರು ದಾರಿಯಲ್ಲದೆ ಬೇರೆಯಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನೆತ್ತಿಯ ಮೇಲೆ ಹಿಡಿಕೆಯುಳ್ಳ ಒಂದು ಜಾಕನ್ನು ಊಹಿಸಿಕೊಳ್ಳಿ. ಹಿಡಿಕೆಯ ತೋಳು ೧೫೦ ಮಿಲಿಮೀಟರ್. ಒಂದು ಸುತ್ತು ತಿರುಗಿಸಿದರೆ ನಟ್ಟು ೫ ಮಿಲಿಮೀಟರ್ ಸರಿಯುತ್ತದೆ. ಕೈ ಒಂದು ಸುತ್ತಿನಲ್ಲಿ ಸುಮಾರು ೯೪೨ ಮಿಲಿಮೀಟರ್ ಚಲಿಸುತ್ತದೆ. ಭಾರವು ೫ ಮಿಲಿಮೀಟರ್ ಏರುತ್ತದೆ. ಇವುಗಳ ನಿಷ್ಪತ್ತಿ ಸುಮಾರು ೧೮೮. ಜಾಕಿನ ಮೇಲೆ ೧೫೦ ಕಿಲೋಗ್ರಾಂ ಭಾರವಿದ್ದರೆ, ಘರ್ಷಣೆಯೇ ಇಲ್ಲದ ಪಕ್ಷದಲ್ಲಿ, ೮೦೦ ಗ್ರಾಂ ತೂಕದಷ್ಟು ಬಲ ಸಾಕು. ಆದರೆ ತಿರುಪಿನ ಸರಾಸರಿ ವ್ಯಾಸ ೨೦ ಮಿಲಿಮೀಟರ್ ಎಂದೂ, ಗ್ರೀಸು ಹಚ್ಚಿದ ಉಕ್ಕಿನ ಘರ್ಷಣ ಗುಣಾಂಕ ೦.೧೫ ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ವಾಸ್ತವವಾಗಿ ಸುಮಾರು ೨.೩ ಕಿಲೋಗ್ರಾಂ ಬಲ ಬೇಕೆಂದು ತಿಳಿಯುತ್ತದೆ. ಅಂದರೆ ದಕ್ಷತೆ ನೂರಕ್ಕೆ ಮೂವತ್ತನಾಲ್ಕು ಮಾತ್ರ. ನಾವು ಮಾಡಿದ ಕೆಲಸದಲ್ಲಿ ಮೂರರಲ್ಲಿ ಎರಡು ಭಾಗ ಘರ್ಷಣೆಗೆ ಹೋಯಿತು.

‘ಎಷ್ಟು ನಷ್ಟ!’ ಎಂದು ವಿದ್ಯಾರ್ಥಿಯು ಉದ್ಗರಿಸಬಹುದು. ಆದರೆ ಇಲ್ಲೊಂದು ಸ್ವಾರಸ್ಯವುಂಟು. ಹಿಡಿಕೆಯಿಂದ ಕೈ ತೆಗೆದ ಮೇಲೆ ಭಾರವು ತಾನಾಗಿ ಕೆಳಗಿಳಿಯದೆ ನಿಂತಿರುವುದೇಕೆ? ಘರ್ಷಣೆಯಿಂದಲೇ. ಭಾರವು ಒಂದಷ್ಟು ಎತ್ತರದಿಂದ ಇಳಿಯಬೇಕಾದರೆ ಅದು ಬಿಟ್ಟುಕೊಡುವ ಶಕ್ತಿಯು ಘರ್ಷಣೆಯನ್ನು ಗೆಲ್ಲಲು ಸಾಲಬೇಕು. ಸಾಲದಿದ್ದರೆ ಅದು ಇದ್ದಲ್ಲಿಯೇ ನಿಲ್ಲುತ್ತದೆ. ಏರಿಸುವಾಗಲೂ ಇಳಿಸುವಾಗಲೂ ಘರ್ಷಣೆಗೆ ಹೋಗುವ ಕೆಲಸ ಹೆಚ್ಚು ಕಡಿಮೆ ಒಂದೇ. ಆದುದರಿಂದ ತಾನಾಗಿ ಇಳಿಯದ ಜಾಕನ್ನು ಏರಿಸುವಾಗ, ಭಾರವನ್ನೆತ್ತಲು ಎಷ್ಟು ಕೆಲಸ ಬೇಕೋ ಕನಿಷ್ಠ ಅಷ್ಟನ್ನೇ ಘರ್ಷಣೆಗೂ ತೆರಬೇಕು. ಅದರ ದಕ್ಷತೆ ನೂರಕ್ಕೆ ಐವತ್ತನ್ನು ಮೀರುವಂತಿಲ್ಲ. ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಕಳೆದುಕೊಳ್ಳುವುದೇ ಈ ಯಂತ್ರದ ಸುರಕ್ಷತೆಯ ಬೆಲೆ. ಘರ್ಷಣೆಯನ್ನು ಕೇವಲ ಶತ್ರುವೆಂದು ಬೋಧಿಸುವ ನಾವು ಈ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಹೇಳುತ್ತೇವೆ?

ಹಾಗಾದರೆ ಬಿಗಿದ ಜಾಕಿನಲ್ಲಿ ಕೆಟ್ಟದ್ದು ಯಾವುದು? ಘರ್ಷಣೆ ಇರುವುದು ದೋಷವಲ್ಲ. ಇರಬಾರದ ಕಡೆ ಇರುವುದು, ಇರಬೇಕಾದ ಕಡೆ ಮಿತಿಮೀರುವುದು ದೋಷ. ಮೇಲಿನ ಲೆಕ್ಕದಲ್ಲಿ ಬೇರಿಂಗು ಸುಸ್ಥಿತಿಯಲ್ಲಿದೆಯೆಂದು ಭಾವಿಸಿ ಅದರ ಘರ್ಷಣೆಯನ್ನು ಬಿಟ್ಟಿದ್ದೆವು. ಅದರ ಗುಂಡುಗಳು ತುಕ್ಕು ಹಿಡಿದು ಉರುಳದೆಹೋದವೆನ್ನಿ. ಆಗ ತಿರುಪಿನ ತಲೆಯು ಲೋಹದ ಮೇಲೆ ಉಜ್ಜುತ್ತ ತಿರುಗಬೇಕಾಗುತ್ತದೆ. ಉಜ್ಜುವ ಜಾಗದ ಸರಾಸರಿ ತ್ರಿಜ್ಯ ೧೫ ಮಿಲಿಮೀಟರ್ ಆದರೆ, ಅದೊಂದಕ್ಕೇ ೨.೨೫ ಕಿಲೋಗ್ರಾಂ ಬಲ ಸಂದು, ಒಟ್ಟು ೪.೬ ಕಿಲೋಗ್ರಾಂ ಆಗುತ್ತದೆ. ಇದಕ್ಕೆ ಬದಲು ಬೇರಿಂಗು ಸರಿಯಿದ್ದು, ತಿರುಪು ಮಾತ್ರ ಒಣಗಿ ತುಕ್ಕು ಹಿಡಿದು ಗುಣಾಂಕವು ೦.೪ಕ್ಕೆ ಏರಿದರೆ, ಬೇಕಾಗುವ ಬಲ ಸುಮಾರು ೫ ಕಿಲೋಗ್ರಾಂ. ಕೈಗೆ ಎರಡೂ ಒಂದೇ ಬಿಗಿತ. ಆದರೆ ಎರಡನೆಯ ಜಾಕಿನ ತಿರುಪನ್ನು ಶುಚಿಮಾಡಿ ಗ್ರೀಸು ಹಚ್ಚಿದರೆ ಸರಿಹೋಗುತ್ತದೆ; ಮೊದಲನೆಯದಕ್ಕೆ ಅದೇ ಚಿಕಿತ್ಸೆ ಮಾಡಿದರೆ ಏನೂ ಫಲವಿಲ್ಲ. ಎರಡು ರೋಗಗಳೂ ಒಟ್ಟಿಗೆ ಬಂದರೆ ಬಲವು ೭ ಕಿಲೋಗ್ರಾಂ ಮೀರುತ್ತದೆ.

ದೋಣಿಯ ಟ್ರೈಲರಿನಲ್ಲಿ ಈ ರೋಗಗಳು ಬೇಗ ಬರಲು ಕಾರಣವುಂಟು. ಅದು ನೀರಿನಂಚಿನಲ್ಲಿ ಕೆಲಸ ಮಾಡತಕ್ಕದ್ದು. ಕಡಲ ನೀರಾದರಂತೂ ಅದರಲ್ಲಿನ ಉಪ್ಪು ವಿದ್ಯುತ್ತನ್ನು ಸುಲಭವಾಗಿ ಹಾಯಿಸುವುದರಿಂದ ತುಕ್ಕಿನ ಕ್ರಿಯೆ ತ್ವರಿತವಾಗುತ್ತದೆ. ಸತುವಿನ ಲೇಪನವು ತಾನು ಸವೆದು ಉಕ್ಕನ್ನು ಕಾಪಾಡುತ್ತದೆ. ಆದರೆ ಕೊಳವೆಗಳು ಪರಸ್ಪರ ಉಜ್ಜುವ ಜಾಗದಲ್ಲಿ ಆ ಲೇಪನವೇ ಅಳಿಯುತ್ತದೆ. ತುಕ್ಕಿಗೆ ಇನ್ನೊಂದು ದುರ್ಗುಣವುಂಟು: ಅದು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಕೊಳವೆಗಳ ನಡುವಣ ಸಣ್ಣ ಎಡೆ ಹೀಗೆ ತುಂಬಿಹೋಗುತ್ತದೆ. ದಾರಿಯ ಧೂಳು ಮತ್ತು ಮರಳು ಗ್ರೀಸಿಗೆ ಅಂಟಿ ಅದನ್ನು ಉಜ್ಜುಕಲ್ಲಿನಂತಾಗಿಸುತ್ತವೆ. ವರ್ಷಗಳು ಕಳೆದಂತೆ ಗ್ರೀಸಿನೊಳಗಿನ ಎಣ್ಣೆ ಬೇರ್ಪಟ್ಟು ಹೋಗಿ ಉಳಿದ ಭಾಗ ಗಟ್ಟಿಯಾಗುತ್ತದೆ. ಇವೆಲ್ಲದರ ಜೊತೆಗೆ, ಜಾಕನ್ನು ಮೇಲೆತ್ತದೆ ಗಾಡಿಯನ್ನು ಎಳೆದರೆ ಒಳಕೊಳವೆ ನೆಲಕ್ಕೆ ತಾಕಿ ಬಾಗುತ್ತದೆ.

ಇಷ್ಟು ಕಾರಣಗಳಲ್ಲಿ ನಮ್ಮ ಮುಂದಿರುವ ಜಾಕಿನದು ಯಾವುದೆಂದು ತಿಳಿಯುವುದು ಹೇಗೆ? ಪ್ರಕೃತಿಯನ್ನು ಪ್ರಶ್ನಿಸುವ ರೀತಿಯಲ್ಲಿಯೇ ಯಂತ್ರವನ್ನೂ ಪ್ರಶ್ನಿಸಬೇಕು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡಬೇಕು. ಮೊದಲು ಭಾರವನ್ನು ತೆಗೆದು ತಿರುಗಿಸಿ. ಭಾರವಿಲ್ಲದಾಗ ಹಗುರ, ಭಾರವಿದ್ದಾಗ ಬಿಗಿ ಎಂದಾದರೆ, ದೋಷವು ಭಾರ ಹೊರುವ ಮೇಲ್ಮೈಗಳಲ್ಲಿದೆ: ತಿರುಪು ಮತ್ತು ನಟ್ಟುಗಳ ನಡುವೆ, ಇಲ್ಲವೆ ಬೇರಿಂಗಿನಲ್ಲಿ. ಭಾರವಿಲ್ಲದಿದ್ದರೂ ಉದ್ದಕ್ಕೂ ಒಂದೇ ಸಮನೆ ಬಿಗಿಯಾಗಿದ್ದರೆ, ಒಣಗಿದ ಗ್ರೀಸು, ತುಕ್ಕು ಅಥವಾ ಮರಳು. ಪ್ರತಿ ಸುತ್ತಿನಲ್ಲಿಯೂ ಒಂದೇ ಸ್ಥಾನದಲ್ಲಿ ತಡೆದರೆ, ಬಾಗಿದ ತಿರುಪು ಇಲ್ಲವೆ ಹಲ್ಲು ಮುರಿದ ಗೇರು. ಸುತ್ತು ಯಾವುದಾದರೂ ಸರಿ, ಒಂದು ನಿರ್ದಿಷ್ಟ ಎತ್ತರದಲ್ಲಿ ಮಾತ್ರ ತಡೆದರೆ, ನೆಗ್ಗಿದ ಅಥವಾ ಬಾಗಿದ ಕೊಳವೆ. ಇಲ್ಲಿ ಯಾವ ಬೆಲೆಬಾಳುವ ಉಪಕರಣವೂ ಬೇಕಾಗಲಿಲ್ಲವೆಂಬುದನ್ನು ಗಮನಿಸಿ.

ದುರಸ್ತಿಗೆ ಕೈಹಾಕುವ ಮುನ್ನ ಒಂದು ಮಾತು ಅವಶ್ಯ. ಟ್ರೈಲರನ್ನು ಸಮನೆಲದ ಮೇಲೆ ನಿಲ್ಲಿಸಿ, ಚಕ್ರಗಳ ಹಿಂದೆಯೂ ಮುಂದೆಯೂ ಅಡ್ಡಗಟ್ಟೆ ಕೊಟ್ಟು, ಮುಂದಿನ ತುದಿಗೆ ಗಟ್ಟಿಯಾದ ಬೇರೊಂದು ಆಧಾರವನ್ನಿಡಬೇಕು. ಭಾರ ಹೊತ್ತ ಜಾಕನ್ನು ಎಂದಿಗೂ ಬಿಚ್ಚಕೂಡದು. ಆಧಾರವಿಲ್ಲದೆ ನಿಂತ ಭಾರದ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಚಾಚಕೂಡದು. ಅನಂತರ ಜಾಕನ್ನು ಟ್ರೈಲರಿನಿಂದ ಬೇರ್ಪಡಿಸಿ, ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ಹಾಕಿ ಒಂದು ರಾತ್ರಿ ಬಿಡಬೇಕು. ಕಿರಿದಾದ ಎಡೆಯೊಳಕ್ಕೆ ಎಣ್ಣೆ ತಾನಾಗಿ ನುಸುಳುವುದು ಕೇಶಾಕರ್ಷಣೆಯಿಂದ. ಅದಕ್ಕೆ ವೇಳೆ ಬೇಕು, ಅವಸರ ಸಲ್ಲದು. ಮರುದಿನ ಹಿಡಿಕೆಯನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ಆಡಿಸುತ್ತ ಸಡಿಲಿಸಬೇಕು. ಮೇಲಿನ ಮುಚ್ಚಳವನ್ನೂ ಹಿಡಿಕೆಯ ಪಿನ್ನನ್ನೂ ತೆಗೆದು ಬಿಚ್ಚುವಾಗ, ವಾಷರು ಮತ್ತು ಬೇರಿಂಗುಗಳು ಯಾವ ಕ್ರಮದಲ್ಲಿದ್ದುವೆಂದು ಕಾಗದದ ಮೇಲೆ ಚಿತ್ರ ಬರೆದಿಟ್ಟುಕೊಳ್ಳುವುದು ಮೇಲು. ಹಳೆಯ ಗ್ರೀಸನ್ನು, ಬೆಂಕಿಯ ಸಮೀಪವಲ್ಲದೆ ಗಾಳಿಯಾಡುವ ಕಡೆ ಕುಳಿತು, ಸೀಮೆಎಣ್ಣೆಯಿಂದ ತೊಳೆದು, ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು, ಚೆನ್ನಾಗಿ ಒಣಗಿಸಬೇಕು.

ಬಳಿಕ ತಿರುಪು, ಬೇರಿಂಗು, ಗೇರುಗಳಿಗೆ ನೀರಿಗೆ ಕರಗದ ಗ್ರೀಸನ್ನು ಹಚ್ಚಬೇಕು. ತೆಳು ಎಣ್ಣೆಯೇ ಸಾಕೆಂಬ ಭ್ರಮೆ ಬಹುಮಂದಿಗುಂಟು. ತೆಳು ಎಣ್ಣೆ ತುಕ್ಕಿನೊಳಕ್ಕೆ ನುಗ್ಗಬಲ್ಲುದು. ಆದರೆ ಭಾರದ ಒತ್ತಡಕ್ಕೆ ಸಿಕ್ಕಾಗ ಅಂಚಿಗೆ ಸರಿದುಹೋಗುತ್ತದೆ. ಗ್ರೀಸಿನಲ್ಲಿ ಎಣ್ಣೆಯನ್ನು ಸಾಬೂನಿನಂಥ ಒಂದು ಪದಾರ್ಥ ಹಿಡಿದಿಟ್ಟಿರುವುದರಿಂದ ಅದು ಜಾಗ ಬಿಟ್ಟು ಕದಲುವುದಿಲ್ಲ. ಮೊದಲನೆಯದು ಬಿಡಿಸಲು, ಎರಡನೆಯದು ನಡೆಸಲು. ಒಳಕೊಳವೆಯ ಹೊರಮೈಗೆ ಮಾತ್ರ ತೆಳುವಾದ ಲೇಪ ಸಾಕು. ಅಲ್ಲಿ ಹೆಚ್ಚಾದ ಗ್ರೀಸು ಮರಳನ್ನು ಕರೆಯುತ್ತದೆ. ಮುಂದೆ ಪ್ರತಿವರ್ಷ ಒಮ್ಮೆ ಗ್ರೀಸು, ಉಪ್ಪುನೀರು ತಾಕಿದಾಗಲೆಲ್ಲ ಸಿಹಿನೀರಿನ ಸ್ನಾನ: ಇಷ್ಟೇ ಅದರ ಪಥ್ಯ.

ಇನ್ನು, ಬಿಗಿದ ಹಿಡಿಕೆಗೆ ಉದ್ದನೆಯ ಕೊಳವೆ ತೊಡಿಸಿ ತಿರುಗಿಸುವ ಅಭ್ಯಾಸ. ಇದಕ್ಕೆ ಸನ್ನೆಯ ತತ್ತ್ವವನ್ನೇ ಪ್ರಮಾಣವಾಗಿ ತೋರಿಸುವವರುಂಟು. ತೋಳು ಎರಡರಷ್ಟಾದರೆ ಕೈಗೆ ಬೇಕಾದ ಬಲ ಅರ್ಧವಾಗುವುದು ನಿಜ. ಆದರೆ ತಿರುಪಿಗೆ ತಲಪುವ ತಿರುಗುಬಲ ಕಡಿಮೆಯಾಗುವುದಿಲ್ಲ. ಕೈಗೆ ಶ್ರಮ ತಿಳಿಯದಂತಾಗಿ, ಪಿನ್ನು ಮುರಿಯುವವರೆಗೆ, ಗೇರಿನ ಹಲ್ಲು ಕಿತ್ತುಬರುವವರೆಗೆ ನಾವು ತಿರುಗಿಸುತ್ತಲೇ ಹೋಗುತ್ತೇವೆ. ಕೈಯ ನೋವು ಎಚ್ಚರಿಕೆಯಾಗಿತ್ತು. ಆ ಎಚ್ಚರಿಕೆಯನ್ನೇ ಅಡಗಿಸಿದೆವು. ಇದು ವಿಜ್ಞಾನದ ಬಳಕೆಯಲ್ಲ, ಅರ್ಧ ವಿಜ್ಞಾನದ ದುರ್ಬಳಕೆ.

‘ಇಷ್ಟೆಲ್ಲ ಶ್ರಮವೇಕೆ? ಹೊಸ ಜಾಕನ್ನು ಕೊಂಡರಾಯಿತು’ ಎನ್ನುವವರಿಗೂ ಉತ್ತರ ಹೇಳಬೇಕು. ಕೊಳವೆ ಬಾಗಿದ್ದರೆ, ಬೆಸುಗೆ ಸೀಳಿದ್ದರೆ, ತಿರುಪಿನ ಎಳೆಗಳು ಸವೆದು ಚೂಪಾಗಿದ್ದರೆ, ಹೊಸದನ್ನು ಕೊಳ್ಳುವುದೇ ವಿವೇಕ. ಅಂಥದನ್ನು ಬಡಿದು ನೆಟ್ಟಗೆ ಮಾಡಿ ಭಾರ ಹೊರಿಸುವುದು ಅಪಾಯ. ಆದರೆ ಕಾರಣವನ್ನು ತಿಳಿಯದೆ ಕೊಂಡ ಹೊಸ ಜಾಕು ಅದೇ ನೀರಿನಲ್ಲಿ, ಅದೇ ಅಲಕ್ಷ್ಯದಲ್ಲಿ, ಅದೇ ರೀತಿ ಬಿಗಿಯುತ್ತದೆ. ಎಸೆಯಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲಾದರೂ ಬಿಚ್ಚಿ ನೋಡಿ ಅರಿಯುವುದು ಅವಶ್ಯ.

ಈ ಅರಿವನ್ನು ವಿಜ್ಞಾನದ ದೊಡ್ಡವರು ಕೀಳೆಂದು ತಿಳಿದವರಲ್ಲ. ವಿದ್ಯುದಾವೇಶಗಳ ನಿಯಮದಿಂದ ನಮಗೆಲ್ಲ ಪರಿಚಿತನಾದ ಫ್ರಾನ್ಸಿನ ಕೂಲಂಬನು ಅದಕ್ಕೆ ಮೊದಲು ರೋಶ್‌ಫೋರ್ ಬಂದರಿನ ಹಡಗುಕಟ್ಟೆಯಲ್ಲಿ ಮರ, ಲೋಹ, ಹಗ್ಗಗಳ ಘರ್ಷಣೆಯನ್ನು ಅಳೆದವನು. ೧೭೮೧ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಅವನಿಗೆ ಬಹುಮಾನ ಕೊಟ್ಟದ್ದು ಈ ಸರಳ ಯಂತ್ರಗಳ ಅಧ್ಯಯನಕ್ಕಾಗಿ. ಬ್ರಿಟನ್ನಿನಲ್ಲಿ ಪೀಟರ್ ಜೋಸ್ಟ್ ಅವರ ಅಧ್ಯಕ್ಷತೆಯ ಸಮಿತಿಯು ೧೯೬೬ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಘರ್ಷಣೆ, ಸವೆತ ಮತ್ತು ಜಾರೆಣ್ಣೆಗಳ ವಿಷಯದಲ್ಲಿ ಇರುವ ತಿಳಿವನ್ನೇ ಸರಿಯಾಗಿ ಬಳಸಿದರೆ ಆ ದೇಶಕ್ಕೆ ವರ್ಷಕ್ಕೆ ೫೧.೫ ಕೋಟಿ ಪೌಂಡು ಉಳಿಯುವುದೆಂದು ಅಂದಾಜು ಮಾಡಿತು. ಟ್ರೈಬಾಲಜಿ ಎಂಬ ಶಾಸ್ತ್ರದ ಹೆಸರು ಬಳಕೆಗೆ ಬಂದದ್ದು ಆ ವರದಿಯಿಂದಲೇ.

ನಮ್ಮ ಪಠ್ಯಪುಸ್ತಕಗಳ ಲೆಕ್ಕಗಳಾದರೋ ಬಹುಮಟ್ಟಿಗೆ ‘ಘರ್ಷಣೆಯನ್ನು ಅಲಕ್ಷಿಸಿ’ ಎಂಬ ಮಾತಿನೊಡನೆ ಮುಗಿಯುತ್ತವೆ. ಆರಂಭದ ಪಾಠಕ್ಕೆ ಅದು ಸರಿ. ಆದರೆ ಅಲ್ಲಿಯೇ ನಿಂತರೆ, ಅಲಕ್ಷಿಸಬಹುದಾದದ್ದು ಯಾವುದು, ಅಲಕ್ಷಿಸಬಾರದ್ದು ಯಾವುದು ಎಂಬ ವಿವೇಕ ಬೆಳೆಯುವುದಿಲ್ಲ. ಅದಕ್ಕಿಂತ ಕೇಡೆಂದರೆ, ಸೂತ್ರ ಬರೆಯುವುದು ವಿದ್ಯಾವಂತನ ಕೆಲಸ, ಗ್ರೀಸು ಮುಟ್ಟುವುದು ಬೇರೊಬ್ಬರ ಕೆಲಸ ಎಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಕೈ ಮಸಿಯಾದ ಮಾತ್ರಕ್ಕೆ ವಿದ್ಯೆಗೆ ಮಸಿ ಹತ್ತುವುದಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ತಿರುಪು ಜಾಕಿನ ದಕ್ಷತೆಯನ್ನು ಅಳೆದು, ಉತ್ತರವನ್ನು ಬರೆದು, ಮುಗಿಯಿತೆಂದು ಏಳಬೇಡಿ. ಅಧ್ಯಾಪಕರ ಒಪ್ಪಿಗೆ ಪಡೆದು, ಜಾಕನ್ನು ಬಿಚ್ಚಿ, ತೊಳೆದು, ಗ್ರೀಸು ಹಚ್ಚಿ, ಮತ್ತೊಮ್ಮೆ ಅಳೆಯಿರಿ. ಬೇರೆ ಬೇರೆ ಭಾರಗಳಿಗೆ ಬೇಕಾದ ಬಲವನ್ನು ಮೊದಲಿನದೊಂದು, ಅನಂತರದ್ದೊಂದು ಎಂದು ಒಂದೇ ನಕ್ಷೆಯ ಕಾಗದದ ಮೇಲೆ ಎರಡು ರೇಖೆಗಳಾಗಿ ಎಳೆಯಿರಿ. ಆ ಎರಡು ರೇಖೆಗಳ ನಡುವಣ ಅಂತರ ನಿಮ್ಮ ಕೈಯ ಕೆಲಸದಿಂದ ಬಂದದ್ದು. ಮುಂದೆ ಎಲ್ಲಿಯಾದರೂ ಬಿಗಿದ ಯಂತ್ರವೊಂದು ಎದುರಾದರೆ, ಮೊದಲು ನೀವು ಉದ್ದನೆಯ ಕೊಳವೆಯನ್ನು ಹುಡುಕಲಾರಿರಿ, ಕಾರಣವನ್ನು ಹುಡುಕುವಿರಿ.